ಮಣ್ಣು ತುಂಬಿದ ಆರ್ಕಿಡ್ ಕುಂಡ

ಕೆರಗೋಡಿನ ನಯನ ಮಂಡ್ಯದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೋದ ವರ್ಷ ಹೆರಿಗೆಗೆಂದು ರಜೆ ಹಾಕಿದವಳು ಬರಿಗೈಯಲ್ಲಿ ಕೆಲಸಕ್ಕೆ ಮರಳಿದಳು. ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಆಪರೇಷನ್ನಿನ ಮಂಪರು ಇಳಿಯುವಷ್ಟರಲ್ಲಿ ಗಂಡ ಸಂತೋಷ್ ಅದನ್ನು ಊರಿಗೆ ಒಯ್ದು ಮಣ್ಣು ಮಾಡಿ ಬಂದಿದ್ದ. ಹೆಣ್ಣುಮಗು ಎಂದು ನರ್ಸ್ ಹೇಳಿದ್ದಷ್ಟೇ. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅವಳೂ ಕೇಳಲಿಲ್ಲ.

ಸ್ಕೂಲಿಗೆ ಮರಳಿದ ದಿನ ಜೊತೆಯ ಟೀಚರ್ ಯಾಸ್ಮಿನ್, ಏನು ಹೇಳಬೇಕೋ ತೋಚದೆ, ತನ್ನ ಮನೆಯಿಂದ ನೇರಳೆ ಹೂವಿನ ಆರ್ಕಿಡ್ ಗಿಡವೊಂದನ್ನು ತಂದುಕೊಟ್ಟಳು. ಇದಕ್ಕೆ ಮಣ್ಣು ಆಗದು, ಬೇರಿಗೆ ಗಾಳಿ ಬೇಕು, ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ಚೂರು ಸಾಕು ಎಂದಳು. ನಯನ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಕಿಟಕಿಯ ಬಳಿ ಇಟ್ಟಳು. ಹೂ ಉದುರಿದ ಮೇಲೂ ಬೆಳಗ್ಗೆ ಎದ್ದು ಅದರ ಮುಂದೆ ನಿಲ್ಲುವುದು ಬಿಡಲಿಲ್ಲ. ಅಲ್ಲಿ ಮಾತ್ರ ಅವಳ ಮುಖದ ಬಿಗುವು ಸಡಿಲವಾಗುತ್ತಿದ್ದುದನ್ನು ಅತ್ತೆ ಹೊಂಬಾಳಮ್ಮ ಗಮನಿಸಿದ್ದಳು.

ಪರೀಕ್ಷೆ ಕೆಲಸಕ್ಕೆ ಮಳವಳ್ಳಿಗೆ ಹೋದ ನಯನ ಕೆಲವು ವಾರ ಅಲ್ಲಿನ ತವರಿನಲ್ಲೇ ಉಳಿಯಬೇಕಾಯಿತು. ಹಿಂತಿರುಗಿದಾಗ ಗಿಡದ ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಕುಂಡದ ತುಂಬ ಗದ್ದೆಯ ಕಪ್ಪು ಮಣ್ಣು, ಕೊಟ್ಟಿಗೆ ಗೊಬ್ಬರ.

"ಯಾರನ್ನ ಕೇಳಿ ಮುಟ್ಟುದ್ರಿ ಅತ್ತೆ?"

"ಬೇರು ಎಲ್ಲ ಆಚ್ಗೆ ಬಂದಿತ್ತು. ಒಣಗೋಯ್ತದೆ ಅಂತ ಮಣ್ಣಾಕ್ದೆ ಕಣಮ್ಮ."

"ನನ್ನನ್ನ ಕೇಳ್ಬೇಕು ಅಂತ ಈ ಮನೇಲಿ ಯಾರ್ಗೂ ಅನ್ಸಾಕಿಲ್ವಾ? ಮಗೀಗೂ ಇಂಗೇ ಮಾಡುದ್ರಿ. ಒಂದ್ಸಲ ಮೊಕ ತೋರುಸ್ದೆ ಮಣ್ಣಾಕ್ಬುಟ್ರಿ."

ಹೊಂಬಾಳಮ್ಮ ಒಳಗೆ ಹೋದಳು. ನಯನ ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಕೂತು ಕುಂಡವನ್ನು ಬೋರಲು ಹಾಕಿ ತಟ್ಟಿದಳು. ಬೇರುಗಳು ಕೊಳೆತು ನಾರುತ್ತಿದ್ದವು. ಸ್ವಲ್ಪ ಹೊತ್ತಿಗೆ ಅತ್ತೆ ಚೊಂಬಿನಲ್ಲಿ ನೀರು ತಂದು, ಅವಳು ಮಣ್ಣು ಬಿಡಿಸುತ್ತಿದ್ದ ಕೈಗಳ ಮೇಲೆ ನಿಧಾನವಾಗಿ ಸುರಿಯತೊಡಗಿದಳು. ನಯನ ಬೇಡವೆನ್ನಲಿಲ್ಲ. ಕೊಳೆ ಹರಡದಿರಲೆಂದು ಬೆಂಕಿಗೆ ಹಿಡಿದು ತಂದಿದ್ದ ಕತ್ತರಿಯಿಂದ ಮೆತ್ತಗಾದ ಬೇರುಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋದಳು.

"ನೀನು ತಡ್ಕಳಾಕಿಲ್ಲ ಅಂತ ಎಲ್ರೂ ಅಂದ್ರು. ನಾನೂ ಊಂ ಅಂದೆ," ಎಂದಳು ಹೊಂಬಾಳಮ್ಮ, ಹರಿಯುವ ಕೆಸರು ನೀರನ್ನೇ ನೋಡುತ್ತ. "ತಲೆ ತುಂಬ ಕೂದ್ಲು ಕಣಮ್ಮ. ಮೂಗು ನಿಂದೇಯ. ನಾನೇ ನೀರು ಉಯ್ದು, ನನ್ನ ಅಳೇ ಸೀರೇಲಿ ಸುತ್ತಿ ಕೊಟ್ಟೆ."

ಕತ್ತರಿ ನಿಂತಿತು. ಬೆರಳು ಹೇಗಿದ್ದವು, ಬಣ್ಣ ಯಾವುದು, ಕಣ್ಣು ಮುಚ್ಚಿತ್ತೇ ಎಂದು ನಯನ ಕೇಳಿದಳು. ಅತ್ತೆ ನೆನಪಿದ್ದಷ್ಟನ್ನೂ ಹೇಳಿದಳು.

"ನನ್ ಕೈಗೂ ಒಂದ್ಗಳಿಗೆ ಕೊಡ್ಬೋದಿತ್ತು."

"ಕೊಡ್ಬೇಕಿತ್ತು," ಎಂದಳು ಹೊಂಬಾಳಮ್ಮ.

ಇಬ್ಬರೂ ಸೇರಿ ಕತ್ತರಿಸಿದ ಕಡೆಗೆ ಅರಿಶಿನ ಹಚ್ಚಿದರು. ತೂತಿನ ಹೊಸ ಕುಂಡದಲ್ಲಿ ಇದ್ದಿಲು, ಸಿಪ್ಪೆ ತುಂಬಿ, ಗಿಡವನ್ನು ಕಡ್ಡಿಗೆ ಕಟ್ಟಿ ನಿಲ್ಲಿಸಿದರು. ಆದರೂ ಎಲೆಗಳು ಉದುರುತ್ತ ಹೋಗಿ ನಡುವಿನದೊಂದು ಮಾತ್ರ ಉಳಿಯಿತು. ಮಳೆಗಾಲದ ತನಕ ಕಾದು ನೋಡು ಎಂದಳು ಯಾಸ್ಮಿನ್. ನಯನಳ ಸಿಟ್ಟೂ ಪೂರ್ತಿ ಇಳಿಯಲಿಲ್ಲ. ಕೆಲವು ದಿನ ಅತ್ತೆಯೊಡನೆ ಮಾತೇ ಇರುತ್ತಿರಲಿಲ್ಲ.

ಎಲ್ಲಿ ಹೂತಿದ್ದಾರೆಂದು ಹೊಂಬಾಳಮ್ಮನಿಗೆ ತಿಳಿದಿರಲಿಲ್ಲ. ಹೆಂಗಸರು ಜೊತೆಗೆ ಹೋಗಿರಲಿಲ್ಲ. ನಯನ ಸಂತೋಷನನ್ನು ಕೇಳಿದಾಗ ಅವನು ಉಣ್ಣುವುದು ಬಿಟ್ಟು ಎದ್ದುಹೋದ. ಭಾನುವಾರ ತಾನಾಗಿಯೇ ಬೈಕ್ ತೆಗೆದು, ಬಾ ಎಂದ.

ನಾಲೆ ಏರಿಯ ಹೊಂಗೆ ಮರದ ಬುಡದಲ್ಲಿ, ನಾಯಿ ಕೆದಕದಿರಲೆಂದು ಅವನು ಅಂದು ಪೇರಿಸಿದ ಕಲ್ಲುಗಳಿದ್ದವು. ಸುತ್ತ ಗರಿಕೆ ಬೆಳೆದಿತ್ತು. ನಯನ ಅಲ್ಲೇ ಕೂತಳು. ಅವನು ಬೈಕಿನ ಬಳಿಯೇ ನಿಂತಿದ್ದ. ಬಹಳ ಹೊತ್ತಿನ ಮೇಲೆ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಮಗೀಗೆ ಎಸ್ರು ಏನಾರ ಅನ್ಕಂಡಿದ್ಯಾ?" ಎಂದ.

"ಚಂದನ."

ಅವನು ಆ ಹೆಸರನ್ನು ಒಮ್ಮೆ ಹೇಳಿದ. ಆಮೇಲೆ ಜಾರಿಬಿದ್ದಿದ್ದ ಕಲ್ಲೊಂದನ್ನು ಎತ್ತಿ ಮತ್ತೆ ಮೇಲಿಟ್ಟ.