ಮುಖಕ್ಕೆ ಬಣ್ಣ ಬಿದ್ದ ಮೇಲೆ

ಅಕ್ಕನ ಕಿವಿಯ ಹಿಂದೆ ಯಾವಾಗ ನೋಡಿದರೂ ಒಂದಿಷ್ಟು ಗುಲಾಬಿ ಬಣ್ಣ ಉಳಿದಿರುತ್ತಿತ್ತು. ಕೊಬ್ಬರಿ ಎಣ್ಣೆ ಹಾಕಿ ಮುಖವನ್ನೆಲ್ಲ ತಿಕ್ಕುವವಳ ಕೈ ಅಲ್ಲಿಗೆ ಹೋಗುತ್ತಿರಲಿಲ್ಲವೋ, ಬೇಕೆಂದೇ ಬಿಡುತ್ತಿದ್ದಳೋ ತಿಳಿಯದು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವರಿಗೆ ಇವಳು ನಾಟಕದವಳು ಎಂದು ಅದರಿಂದಲೇ ಗೊತ್ತಾಗಿಬಿಡುತ್ತಿತ್ತು.

ಒಡಹುಟ್ಟಿದ ಅಕ್ಕನಲ್ಲ. ಮಧುಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಅದರ ಜೊತೆಗೆ, ಸುತ್ತಲ ಊರಿನವರು ಆಡುವ ಪೌರಾಣಿಕ ನಾಟಕಗಳಲ್ಲಿ ಮಂತ್ರಿಯ ಪಾರ್ಟು ಮಾಡುವ ಹುಚ್ಚು. ನಮ್ಮ ಕಡೆ ಗಂಡು ಪಾತ್ರಗಳೆಲ್ಲ ಊರಿನವರವೇ. ರಾಣಿಯ ಪಾರ್ಟಿಗೆ ಮಾತ್ರ ಕಸುಬಿನ ಕಲಾವಿದೆಯರನ್ನು ಕರೆಸುತ್ತಾರೆ. ಪಾವಗಡದ ಈ ಅಕ್ಕ ಹಾಗೆ ಬರುತ್ತಿದ್ದವಳು. ನಾವು ತಿಂಗಳುಗಟ್ಟಲೆ ತಾಲೀಮು ಮಾಡಿ ಗಂಟಲು ಹರಿದುಕೊಂಡಿದ್ದರೆ, ಇವಳು ನಾಟಕದ ದಿನ ಬೆಳಗ್ಗೆ ಬಸ್ಸಿಳಿದು, "ಯಾವ ಕಡೆಯಿಂದ ಬರ್ಬೇಕು, ಯಾವ ಕಡೆ ಹೋಗ್ಬೇಕು, ಅಷ್ಟು ಹೇಳ್ರಪ್ಪ" ಎಂದು ಬಣ್ಣಕ್ಕೆ ಕೂರುತ್ತಿದ್ದಳು. ನಮಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮಿಡಿಗೇಶಿಯಲ್ಲಿ ಒಮ್ಮೆ ರಾಜನಾಗಿದ್ದ ಟ್ರ್ಯಾಕ್ಟರ್ ಮಾಲೀಕರು ಮಾತು ಮರೆತು ಕಂಬದಂತೆ ನಿಂತುಬಿಟ್ಟರು. ಅಕ್ಕ ಸೆರಗು ಸರಿಮಾಡಿಕೊಂಡು, "ಪ್ರಭು, ವೈರಿಯ ಮೇಲೆ ದಂಡೆತ್ತಿ ಹೋಗುವೆನೆಂದು ಹೇಳಲು ತಾವು ಹಿಂಜರಿಯುತ್ತಿರುವಿರಲ್ಲವೇ?" ಎಂದಳು. ಪ್ರಭುಗಳು "ಹೌದೌದು" ಎನ್ನುತ್ತಾ ಒಳಗೆ ಓಡಿದರು. ಶಿಳ್ಳೆ ಬಿದ್ದದ್ದು ಪ್ರಭುಗಳಿಗೆ. ಅಕ್ಕನಿಗೆ ಅದರ ಬೇಸರವೇನೂ ಇರಲಿಲ್ಲ. "ಇವ್ರೆಲ್ಲಾ ಒಂದಿನದ ರಾಜ್ರು ಕಣ್ಲಾ ಮಂತ್ರಿ, ನಾನು ದಿನಾ ರಾಣಿ" ಎಂದು ನಕ್ಕಿದ್ದಳು. ಅರವತ್ತರ ಹತ್ತಿರ ಬಂದಿದ್ದಳು. ಇನ್ನು ಸಾಕು ಮಾಡಬಾರದೇ ಅಂದರೆ, "ಮಂಡಿ ಮನೇಲಿದ್ರೆ ನೋಯ್ತದೆ, ಸ್ಟೇಜ್ ಮ್ಯಾಲೆ ನೋಯಾಕಿಲ್ಲ" ಅನ್ನುವಳು.

ಈಗ ಆ ದಿನದ ಮಾತಿಗೆ ಬರುತ್ತೇನೆ.

ನಾಟಕದವರಲ್ಲಿ ಒಂದು ಕಟ್ಟಳೆಯಿದೆ. ಮುಖಕ್ಕೆ ಬಣ್ಣ ಬಿದ್ದ ಮೇಲೆ ಆ ಮನುಷ್ಯನಿಗೆ ಸಾವಿನ ಸುದ್ದಿ ಹೇಳುವಂತಿಲ್ಲ. ಯಾರೇ ಸತ್ತಿರಲಿ, ಬಣ್ಣ ಅಳಿಸಿದ ಮೇಲೆಯೇ ಹೇಳಬೇಕು. ರಾತ್ರಿ ನಾಟಕಕ್ಕೆ ಈಗ ಜನ ಕೂರುವುದಿಲ್ಲವೆಂದು ದೊಡ್ಡೇರಿಯಲ್ಲಿ ಅಂದು ಬೆಳಗ್ಗೆಯೇ ಶುರುಮಾಡುವವರಿದ್ದೆವು. ನಾನು ಕಿರೀಟಕ್ಕೆ ದಾರ ಕಟ್ಟುತ್ತಾ ಕೂತಿದ್ದಾಗ ಹಾರ್ಮೋನಿಯಂ ಮಾಸ್ತರು ಫೋನ್ ಹಿಡಿದುಕೊಂಡೇ ಬಂದು ಪಿಸುಗುಟ್ಟಿದರು.

"ಅಕ್ಕನ ಅವ್ವ ಹೋದ್ಳಂತೆ ಕಣಪ್ಪ. ಪಾವಗಡದಿಂದ ಫೋನು. ಹೇಳಾನ ಅಂತ ಹೋದೆ, ಅಷ್ಟ್ರಾಗೆ ಮುಖಕ್ಕೆ ಬಣ್ಣ ಬಿದ್ದೋಗಿತ್ತು."

ಆ ಅವ್ವನೂ ಹಿಂದೆ ಕಂಪನಿ ನಾಟಕಗಳಲ್ಲಿ ಹಾಡಿದವಳು. ಅಕ್ಕನಿಗೆ ಪಾರ್ಟು ಕಲಿಸಿದವಳೇ ಅವಳು. ಆದರೆ ಕಟ್ಟಳೆ ಕಟ್ಟಳೆಯೇ. ನಾವು ಗೊತ್ತಿದ್ದವರೆಲ್ಲ ತುಟಿ ಹೊಲಿದುಕೊಂಡೆವು.

ಕೊನೆಯ ದೃಶ್ಯದಲ್ಲಿ ಯುದ್ಧದಲ್ಲಿ ಮಡಿದ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಣಿ ಅಳಬೇಕು. ಮಂತ್ರಿಯಾದ ನಾನು ಪಕ್ಕದಲ್ಲೇ ತಲೆ ತಗ್ಗಿಸಿ ನಿಲ್ಲಬೇಕು. ಎಷ್ಟೋ ಊರುಗಳಲ್ಲಿ ನೋಡಿದ್ದ ಅಳು ಅದು. ಆದರೆ ಅವತ್ತು ಅಕ್ಕ ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟಳು. ಆಮೇಲೆ ಬಂದದ್ದು ಹಾಡಲ್ಲ. ಹೊಟ್ಟೆಯೊಳಗಿಂದ ಕಿತ್ತು ಬಂದ ಒಂದು ಕೂಗು. ಮಾಸ್ತರ ಬೆರಳು ಹಾರ್ಮೋನಿಯಂ ಮೇಲೆ ನಿಂತೇಹೋಯಿತು. ಮುಂದೆ ಕೂತಿದ್ದ ಹೆಂಗಸರು ತಮ್ಮ ಮಕ್ಕಳನ್ನು ಎಳೆದು ಮಡಿಲಿಗೆ ಹಾಕಿಕೊಂಡರು. ಹೆತ್ತವ್ವ ಸತ್ತದ್ದು ಗೊತ್ತಿಲ್ಲದೆ ಯಾವುದೋ ಮಗನಿಗೆ ಹೀಗೆ ಅಳುತ್ತಿದ್ದಾಳಲ್ಲಾ ಎಂದು ನನಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು.

ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಬಣ್ಣದ ಮನೆಯಾಗಿದ್ದ ಶಾಲೆಯ ಕೋಣೆಯಲ್ಲಿ ಅಕ್ಕ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದಳು. ಪೂರ್ತಿ ಒರೆಸುವವರೆಗೂ ಕಾದು, "ಅಕ್ಕಾ" ಎಂದೆ.

"ಅವ್ವನ ಸುದ್ದಿ ತಾನೆ?" ಎಂದಳು.

"ಯಾರು ಹೇಳಿದ್ರು?"

"ಯಾರೂ ಹೇಳ್ಳಿಲ್ಲ. ಅವ್ವಂಗೆ ಮೂರು ದಿನದಿಂದ ಗಂಟಲಲ್ಲಿ ನೀರಿಳೀತಿರಲಿಲ್ಲ. ಕನ್ನಡೀಲಿ ಮಾಸ್ತರ ಮುಖ ಕಂಡೆ, ಕೈಯಾಗೆ ಫೋನಿತ್ತು. ಅವ್ರು ಬಾಯಿ ಬಿಡೋಕ್ ಮುಂಚೆ ಡಬ್ಬಿಗೆ ಕೈ ಹಾಕಿ ಬಣ್ಣ ಬಳ್ಕಂಡ್ಬುಟ್ಟೆ."

ಅಂದರೆ ಕಟ್ಟಳೆಯನ್ನು ನಾವು ಅವಳ ಮೇಲೆ ಹೇರಿದ್ದಲ್ಲ, ಅವಳೇ ನಮ್ಮ ಮೇಲೆ ಹೇರಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ಆಡಿದ್ಯೇನಕ್ಕ? ನೀನೇನು ಮನುಷ್ಯಳಾ?" ಎಂದು ಕೇಳಿಯೇಬಿಟ್ಟೆ.

"ಆಡ್ಬೇಕು ಅನ್ನಿಸ್ತು ಕಣ್ಲಾ. ಏನ್ ಮಾಡ್ಲಿ? ಇಂಗೆ ಹುಟ್ಟಿದೀನಿ." ಬಟ್ಟೆಯನ್ನು ಮಡಚಿಟ್ಟಳು. "ನಡಿ, ಕಾಯ್ತಿರ್ತಾರೆ."

ಯಾರದೋ ಕಾರಿನಲ್ಲಿ ಪಾವಗಡಕ್ಕೆ ಕರೆದೊಯ್ದೆ. ಅಲ್ಲಿ ಹಿರಿಮಗಳು ಬರಲೆಂದೇ ಹೆಣ ಎತ್ತದೆ ಕಾದಿದ್ದರು. ಅಕ್ಕ ಅವ್ವನ ಪಾದ ಹಿಡಿದು ಕೂತಳು. ಕಣ್ಣಿನಿಂದ ಒಂದು ಹನಿ ಬರಲಿಲ್ಲ. ಸುತ್ತ ಗುಸುಗುಸು ಎದ್ದಿತು. ಅವಳ ಚಿಕ್ಕವ್ವ ಎಲ್ಲರಿಗೂ ಕೇಳುವಂತೆ, "ಊರೋರ್ ಮುಂದೆ ಅಳಾಕೆ ಬರ್ತದೆ, ಹೆತ್ತೋಳಿಗೆ ಒಂದು ತೊಟ್ಟು ನೀರಿಲ್ಲ" ಎಂದಳು.

ನನ್ನ ಸಿಟ್ಟು ಅಲ್ಲಿಗೆ ಇಳಿದುಹೋಯಿತು. "ಇವತ್ತು ಸ್ಟೇಜ್ ಮೇಲೆ ಅತ್ತಳಮ್ಮ, ನಾನು ಪಕ್ಕದಲ್ಲೇ ಇದ್ದೆ" ಎಂದೆ.

"ನಾಟಕದಾಗೆ ಅತ್ತಿದ್ದು ಲೆಕ್ಕಕ್ಕೆ ಬರ್ತದಾ ನಾಯ್ನಾ?"

ಅಕ್ಕ ತಲೆಯೆತ್ತದೆ, ಅವ್ವನ ಪಾದ ಬಿಡದೆ ಹೇಳಿದಳು: "ಚಿಕ್ಕವ್ವಾ, ನಂಗೆ ಅಳಾಕೆ ಕಲ್ಸಿದ್ದೇ ಇವ್ಳು. ನನ್ ತಾವ ಇರೋದು ಅದೊಂದೇ ಅಳು."

ಚಿಕ್ಕವ್ವ ಬಂದು ಅವಳ ಪಕ್ಕದಲ್ಲಿ ಕೂತಳು.

ಹೋದ ವರ್ಷ ಅಕ್ಕನೂ ತೀರಿಕೊಂಡಳು. ಸಿರಾ, ತಾವರೆಕೆರೆ, ಕೊರಟಗೆರೆ ಕಡೆಯ ಪಾರ್ಟಿನವರೆಲ್ಲ ಬಂದಿದ್ದರು. ಮಾತು ಮರೆತ ಪ್ರಭುಗಳೂ ಬಂದಿದ್ದರು. ಮಾಸ್ತರು ಗೋಡೆಗೆ ಮುಖ ಮಾಡಿ ನಿಂತರು. ಎಲ್ಲರೂ ಗಟ್ಟಿಯಾಗಿ, ರಂಗದ ಮೇಲೆ ಅಳುವ ಹಾಗೆಯೇ ಅತ್ತರು. ನಾನೂ ಹಾಗೆಯೇ ಅತ್ತೆ. ನನಗೂ ಬೇರೆ ಅಳು ಬರುತ್ತಿರಲಿಲ್ಲ.