ಒಬ್ಬ ಸೈನಿಕನ ಸಾವಿಗೆ ಬಿದ್ದ ಚಪ್ಪಾಳೆ

ಅಮೆರಿಕ ಅಫ್ಘಾನಿಸ್ತಾನಕ್ಕೆ ಇನ್ನಷ್ಟು ಸೈನ್ಯ ಕಳಿಸಿ ಒಂದು ವರ್ಷ ಆಗುತ್ತಾ ಬಂದಿತ್ತು. ಆಸ್ಟ್ರೇಲಿಯಾದ ಸೈನಿಕರೂ ಅಲ್ಲಿದ್ದರು. ಅವರಲ್ಲಿ ನನ್ನ ಮಗ ಚೇತನನೂ ಒಬ್ಬ. ಆ ಸಲದ ರಾಜ್ಯೋತ್ಸವಕ್ಕೆ ಸಿಡ್ನಿಯ ನಮ್ಮ ಕನ್ನಡ ಸಂಘದವರು ಒಂದು ಚರ್ಚಾಸ್ಪರ್ಧೆ ಇಟ್ಟುಕೊಂಡರು. ಅವತ್ತು ನಡೆದದ್ದನ್ನು ಬರೆಯಲು ಕೂತರೆ ಈಗಲೂ ಸಿಟ್ಟು ಉಕ್ಕುತ್ತದೆ.

ನಾವು ಹಾಸನದವರು. ಚೇತನ ಇನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಾಗ ಇಲ್ಲಿಗೆ ಬಂದೆವು. ನಮ್ಮ ಸ್ನೇಹಿತರ ಮಕ್ಕಳೆಲ್ಲ ಮೆಡಿಸಿನ್, ಅಕೌಂಟಿಂಗ್ ಎಂದು ಹೊರಟಾಗ ಇವನು ಸೇನೆಗೆ ಸೇರುತ್ತೇನೆ ಎಂದ. ಆಗ ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಯಾಕೆ, ಮಾರ್ಕ್ಸ್ ಬರ್ಲಿಲ್ವಾ?" ಅವನನ್ನು ಅಫ್ಘಾನಿಸ್ತಾನಕ್ಕೆ ಕಳಿಸಿದ ಮೇಲೆ ಅದೇ ಜನಕ್ಕೆ ಅವನು ಇದ್ದಕ್ಕಿದ್ದಂತೆ "ನಮ್ಮ ಹುಡುಗ" ಆಗಿಬಿಟ್ಟ.

ಸಂಘದ ಕಾರ್ಯದರ್ಶಿ ಸುಧೀಂದ್ರ ಫೋನ್ ಮಾಡಿದರು. "ಆಂಟಿ, ಈ ಸಲ ಟಾಪಿಕ್ ಸೂಪರ್ ಇದೆ. ಸೈನಿಕರನ್ನ ಜಾಸ್ತಿ ಮಾಡಿದ್ದು ವರ್ಕ್ ಆಗ್ತಿದೆಯಾ ಇಲ್ವಾ ಅಂತ. ಸಿಡ್ನಿ ವರ್ಸಸ್ ಮೆಲ್ಬರ್ನ್. ನೀವೇ ಚೀಫ್ ಗೆಸ್ಟ್. ನಿಮಗೊಂದು ಸನ್ಮಾನನೂ ಇಟ್ಕೊಂಡಿದೀವಿ."

"ನಾನೇನು ಮಾತಾಡ್ಬೇಕು?" ಎಂದೆ.

"ಏನೂ ಬೇಡ ಆಂಟಿ, ಸ್ಟೇಜ್ ಮೇಲೆ ಕೂತ್ಕೊಂಡ್ರೆ ಸಾಕು. ಕೊನೇಲಿ ಗೆದ್ದೋರಿಗೆ ಪ್ರೈಜ್ ಕೊಟ್ಬಿಡಿ."

"ಹೋಗೋದು ಬೇಡ ಕಣೆ ಲಲಿತಾ" ಎಂದು ನಮ್ಮ ಯಜಮಾನರು ಹೇಳಿದರು. ಆದರೆ ಆ ವಾರ ಚೇತನನ ಫೋನ್ ಬಂದಿರಲಿಲ್ಲ. ಮನೆಯಲ್ಲಿ ಕೂತು ಫೋನನ್ನೇ ನೋಡುತ್ತಿರುವುದಕ್ಕಿಂತ ನಾಲ್ಕು ಜನರ ನಡುವೆ ಇರುವುದು ಮೇಲು ಅನ್ನಿಸಿತು. ಅವನು ಹೊರಡುವ ಮೊದಲು ಸೇನೆಯವರು ಮನೆಯವರನ್ನೆಲ್ಲ ಕರೆಸಿ ಒಂದು ಮಾತು ಹೇಳಿದ್ದರು. ದೊಡ್ಡ ಅನಾಹುತವಾದರೆ ಫೋನಿನಲ್ಲಿ ತಿಳಿಸುವುದಿಲ್ಲ, ಇಬ್ಬರು ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ ಎಂದು. ನಾವಿರುವುದು ಸಿಡ್ನಿಯ ಅಂಚಿನ ದಿ ಪಾಂಡ್ಸ್‌ನಲ್ಲಿ. ಆಗಿನ್ನೂ ಹೊಸ ಬಡಾವಣೆ. ಶನಿವಾರ, ಭಾನುವಾರ ಮನೆ ನೋಡಲು ಬರುವವರ ಕಾರುಗಳು ಬೀದಿಯುದ್ದಕ್ಕೂ ನಿಲ್ಲುತ್ತಿದ್ದವು. ಒಂದೊಂದು ಕಾರಿನ ಬಾಗಿಲು ಮುಚ್ಚಿದ ಸದ್ದಿಗೂ ನಾನು ಕಿಟಕಿಗೆ ಓಡುತ್ತಿದ್ದೆ.

ಕಾರ್ಯಕ್ರಮ ಒಂದು ಸ್ಕೂಲಿನ ಹಾಲ್‌ನಲ್ಲಿತ್ತು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿತ್ತು ಫೋಟೋ ತೆಗೆದರು. ಆಮೇಲೆ ಎರಡು ತಂಡಗಳ ನಡುವೆ ದಸರಾ ಗೊಂಬೆಯ ಹಾಗೆ ನನ್ನನ್ನು ಕೂರಿಸಿದರು. ನಮ್ಮ ಯಜಮಾನರು ಹಿಂದಿನ ಸಾಲಿನಲ್ಲಿದ್ದರು.

ವರ್ಕ್ ಆಗ್ತಿದೆ ಎಂದು ವಾದಿಸಲು ಸಿಡ್ನಿಯ ಗೋಪಿ ನಿಂತರು. ಇಲ್ಲ ಎನ್ನಲು ಮೆಲ್ಬರ್ನಿನ ಪ್ರಶಾಂತ್. ಅವರಿಗೆ ಅಲ್ಲಿನ ಡಾಕ್‌ಲ್ಯಾಂಡ್ಸ್ ಬಡಾವಣೆಯ ಯಾವುದೋ ಬ್ಯಾಂಕಿನಲ್ಲಿ ಕೆಲಸವಂತೆ. ಇಬ್ಬರೂ ಚೆನ್ನಾಗಿಯೇ ಮಾತನಾಡುತ್ತಿದ್ದರು, ಅದಕ್ಕೆ ನನ್ನ ತಕರಾರಿಲ್ಲ. ಗೋಪಿ ನನ್ನ ಕಡೆ ಕೈ ತೋರಿಸಿ, "ಈ ತಾಯಿಯ ತ್ಯಾಗ ವ್ಯರ್ಥ ಅಂತೀರಾ?" ಎಂದರು. ಪ್ರಶಾಂತ್ ಎದ್ದು ಅದೇ ರೀತಿ ಕೈ ತೋರಿಸಿ, "ಈ ತಾಯಿಯ ಮಗನನ್ನ ದಾಳ ಮಾಡ್ಕೊಂಡು ರಾಜಕಾರಣಿಗಳು ಆಟ ಆಡ್ತಿದ್ದಾರೆ" ಎಂದರು. ತ್ಯಾಗ ಮಾಡಿದೆ ಎಂದು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ನನ್ನ ಮಗ ದಾಳವೂ ಅಲ್ಲ, ಅವನಿಗೊಂದು ಹೆಸರಿದೆ. ಆದರೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಕೊನೆಯ ಸುತ್ತು ಬಂತು. ಪ್ರಶಾಂತ್ ಮಾತಿನ ನಡುವೆ ಜೇಬಿನಿಂದ ಮೊಬೈಲ್ ತೆಗೆದರು. ಮುಖದಲ್ಲಿ ಗೆದ್ದವರ ಕಳೆ.

"ನೋಡಿ, ಈಗಷ್ಟೇ ಬಂದ ನ್ಯೂಸ್. ಅಫ್ಘಾನಿಸ್ತಾನದಲ್ಲಿ ರಸ್ತೆ ಬದಿ ಬಾಂಬ್ ಸಿಡಿದು ನಮ್ಮ ಸೈನಿಕ ಒಬ್ಬ ಸತ್ತಿದ್ದಾನಂತೆ. ಹೆಸರು ಇನ್ನೂ ಹೇಳಿಲ್ಲ. ಎಲ್ಲಿ ಸ್ವಾಮಿ ವರ್ಕ್ ಆಗ್ತಿದೆ ನಿಮ್ಮ ಪ್ಲಾನು?"

ಹಾಲ್ ತುಂಬ ಚಪ್ಪಾಳೆ ಬಿತ್ತು.

ಹೌದು, ಚಪ್ಪಾಳೆ. ನಾನು ಅಲ್ಲೇ ಕೂತಿದ್ದೆ. ಒಳ್ಳೆಯ ಪಾಯಿಂಟು, ಅದಕ್ಕೆ ತಟ್ಟಿದರು. ಆ ಪಾಯಿಂಟು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಿರಬಹುದು ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಎದ್ದು ನಿಂತು, "ಎಲ್ಲಂತೆ? ಯಾವ ಜಾಗ?" ಎಂದು ಕೇಳಿದೆ. ನನ್ನ ಮುಂದೆ ಮೈಕ್ ಇರಲಿಲ್ಲ. ಸುಧೀಂದ್ರ ಓಡಿಬಂದು ಮೆಲ್ಲಗೆ, "ಆಂಟಿ, ಪ್ಲೀಸ್ ಕೂತ್ಕೊಳ್ಳಿ, ಎರಡೇ ನಿಮಿಷ. ಗೋಪಿ ಉತ್ತರ ಕೊಟ್ರೆ ಮುಗೀತು" ಎಂದರು.

ಗೋಪಿಯೂ ಬಿಡುವವರಲ್ಲ. "ಒಂದು ವಿಕೆಟ್ ಬಿದ್ದ ಮಾತ್ರಕ್ಕೆ ಮ್ಯಾಚ್ ಸೋತ ಹಾಗಾ?" ಎಂದುಬಿಟ್ಟರು. ಜನ ನಕ್ಕರು.

ನಾನು ಹೋಗಿ ಗೋಪಿಯ ಕೈಯಿಂದ ಮೈಕ್ ಕಿತ್ತುಕೊಂಡೆ. "ಆ ಬಿದ್ದ ವಿಕೆಟ್ ನನ್ನ ಮಗನಾ ಅಂತ ಮನೆಗೆ ಹೋಗಿ ನೋಡ್ಬೇಕು ನಾನು. ನೀವು ಆಡ್ತಾ ಇರಿ" ಎಂದೆ. ಯಜಮಾನರು ಆಗಲೇ ಕಾರಿನ ಕೀ ಹಿಡಿದು ಬಾಗಿಲ ಹತ್ತಿರ ನಿಂತಿದ್ದರು.

ಕಾರಿನಿಂದಲೇ ನಮಗೆ ಕೊಟ್ಟಿದ್ದ ಸೇನೆಯ ನಂಬರಿಗೆ ಫೋನ್ ಮಾಡಿದರೆ ಲೈನ್ ಸಿಗಲಿಲ್ಲ. ಬೀದಿಗೆ ತಿರುಗಿದಾಗ ನಮ್ಮ ಮನೆಯ ಮುಂದೆಯೇ ಒಂದು ಬಿಳಿ ಕಾರು ನಿಂತಿತ್ತು. ಬಾಗಿಲಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಕಪ್ಪು ಕೋಟು ತೊಟ್ಟಿದ್ದರು.

"ರೀ, ಕಾರು ನಿಲ್ಲಿಸ್ಬೇಡಿ, ಮುಂದಕ್ಕೆ ಹೋಗಿ" ಎಂದೆ. ನಾವು ಇಳಿಯದಿದ್ದರೆ ಅವರು ಹೇಳುವುದಿಲ್ಲ, ಹೇಳದಿದ್ದರೆ ಅದು ಆಗಿಲ್ಲ ಎಂಬಂತೆ. ಯಜಮಾನರು ನಿಲ್ಲಿಸಿದರು. ಹುಲ್ಲು ಹಾಸಿನ ಮೇಲೆ ಹೇಗೆ ನಡೆದೆನೋ ನನಗೆ ನೆನಪಿಲ್ಲ. ಆ ಹೆಂಗಸು ನಗುತ್ತಾ ಕಾರ್ಡು ಮುಂದೆ ಚಾಚಿ, ಈ ಬೀದಿಯಲ್ಲಿ ಮನೆಗಳಿಗೆ ಒಳ್ಳೆಯ ರೇಟು ಬಂದಿದೆ, ಮಾರುವ ಯೋಚನೆ ಇದೆಯೇ ಎಂದು ಕೇಳಿದಳು.

ರಿಯಲ್ ಎಸ್ಟೇಟ್ ಏಜೆಂಟರು!

ಯಜಮಾನರು ಮೆಟ್ಟಿಲ ಮೇಲೆ ಕುಸಿದು ಕೂತು ನಗಲು ಶುರು ಮಾಡಿದರು. ನೋಡನೋಡುತ್ತಿದ್ದಂತೆ ಆ ನಗು ಅಳುವಾಯಿತು. ಅವರು ಅತ್ತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ನಾನು ತೊದಲುತ್ತಾ ವಿಷಯ ಹೇಳಿದೆ. ಆ ಹೆಂಗಸು ಜೊತೆಯವನನ್ನು ಕಳಿಸಿಬಿಟ್ಟು ನಮ್ಮ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. "ನಿಮ್ಮ ಮಗನ ಹೆಸರೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆ ದಿನ ಅದನ್ನು ಕೇಳಿದವಳು ಅವಳೊಬ್ಬಳೇ. ಕತ್ತಲಾಗುವವರೆಗೂ ಕೂತಿದ್ದಳು. ಬೀದಿಯಲ್ಲಿ ಕಾರಿನ ಸದ್ದಾದಾಗಲೆಲ್ಲ ತಾನೇ ಎದ್ದು ಹೋಗಿ ನೋಡಿ ಬಂದು, ಅಲ್ಲ ಎಂದು ತಲೆಯಾಡಿಸುತ್ತಿದ್ದಳು.

ನಮ್ಮ ಮನೆಗೆ ಯಾರೂ ಬರಲಿಲ್ಲ. ಮರುದಿನ ಟಿವಿಯಲ್ಲಿ ಹೆಸರು ಹೇಳಿದರು. ಚೇತನನ ಹೆಸರಲ್ಲ. "ಅಬ್ಬಾ, ದೇವರೇ, ನಮ್ಮವನಲ್ಲ!" ಎಂದು ಕೂಗಿ ಕೈ ಮುಗಿದೆ. ಆಗಲೇ ತೆರೆಯ ಮೇಲೆ ಆ ಹುಡುಗನ ಫೋಟೋ ಬಂತು. ಚೇತನನದೇ ವಯಸ್ಸು, ಬಾಯ್ತುಂಬ ನಗು. ಮುಗಿದ ಕೈಯನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಚೇತನನ ಫೋನ್ ಬಂತು. "ಐ ಆಮ್ ಓಕೆ, ಅಮ್ಮ" ಎಂದ. ಸತ್ತ ಹುಡುಗ ನಿನಗೆ ಗೊತ್ತಿದ್ದನಾ ಎಂದು ನಾನು ಕೇಳಲಿಲ್ಲ.

ಅದೇ ವಾರ ಸುಧೀಂದ್ರ ಮತ್ತೆ ಫೋನ್ ಮಾಡಿದರು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ.

"ಆಂಟಿ, ಗುಡ್ ನ್ಯೂಸ್ ಅಲ್ವಾ! ಸದ್ಯ, ನಮ್ಮ ಚೇತನ್ ಅಲ್ಲ. ಅಂದಹಾಗೆ ಮೆಲ್ಬರ್ನ್‌ನೋರೇ ಗೆದ್ರು. ನೀವು ಬೇಗ ಹೊರಟುಬಿಟ್ರಿ, ಪ್ರೈಜ್ ಕೊಡೋ ಫೋಟೋ ಒಂದು ಬಾಕಿ ಇದೆ. ಅವರು ಮುಂದಿನ ವಾರ ಮತ್ತೆ ಸಿಡ್ನಿಗೆ ಬರ್ತಾರಂತೆ, ನೀವೂ ಒಂದು ಐದು ನಿಮಿಷ..."

"ಸುಧೀಂದ್ರ, ಸತ್ತ ಹುಡುಗನ ಹೆಸರೇನು?" ಎಂದೆ.

"ಯಾರು ಆಂಟಿ?"

"ನೀವೆಲ್ಲ ಚಪ್ಪಾಳೆ ತಟ್ಟಿದ್ರಲ್ಲ, ಆ ಹುಡುಗ."

"ಪೇಪರ್‌ನಲ್ಲಿ ಬಂದಿತ್ತು ಆಂಟಿ... ಈಗ ನೆನಪಿಗೆ ಬರ್ತಿಲ್ಲ" ಎಂದರು. ನಾನು ಹೆಸರು ಹೇಳಿದೆ, ವಯಸ್ಸು ಹೇಳಿದೆ, ಊರು ಹೇಳಿದೆ. ಫೋನ್ ಇಟ್ಟೆ.

ಚೇತನ ವಾಪಸ್ ಬಂದ. ಈಗ ಸೇನೆ ಬಿಟ್ಟು ಮೆಲ್ಬರ್ನಿನಲ್ಲಿ ಸಂಸಾರ ಮಾಡಿಕೊಂಡಿದ್ದಾನೆ. ಯುದ್ಧದ ಬಗ್ಗೆ ವಾದ ಮಾಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಾಡಲೇಬೇಕು. ಮಕ್ಕಳನ್ನು ಅಷ್ಟು ದೂರ ಕಳಿಸುವವರನ್ನು ಯಾಕೆ, ಏನು ಎಂದು ನಿಲ್ಲಿಸಿ ಕೇಳಬೇಕು. ಆದರೆ ಒಬ್ಬ ಹುಡುಗ ಸತ್ತ ಸುದ್ದಿ ಬಂದಾಗ ಮೊದಲು ಏನು ಮಾಡಬೇಕು ಎಂಬುದನ್ನು ಓದಿದವರಿಗೆಲ್ಲ ಬಿಡಿಸಿ ಹೇಳಬೇಕಾಯಿತಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಸತ್ತ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವನ ತಾಯಿಯ ಒಪ್ಪಿಗೆ ನಾನು ಕೇಳಿಲ್ಲ. ಆದರೆ ಈಗಲೂ ಮದುವೆ, ಮುಂಜಿಗಳಲ್ಲಿ ಯಾರಾದರೂ, "ಆಂಟಿ, ನಿಮ್ಮ ಮಗ ಅಲ್ಲಿದ್ನಲ್ಲ, ಅಷ್ಟೊಂದು ಸೈನ್ಯ ಕಳಿಸಿದ್ದು ಕೊನೆಗೂ ವರ್ಕ್ ಆಯ್ತಾ?" ಎಂದು ಕೇಳುತ್ತಾರೆ. ನಾನು ಆ ಹುಡುಗನ ಹೆಸರು ಹೇಳುತ್ತೇನೆ. ಯಾರು ಅವನು ಎಂದು ಕೇಳಿದರೆ, ಸತ್ತವನ ಹೆಸರೇ ಗೊತ್ತಿಲ್ಲದವರ ಜೊತೆ ಆ ಲೆಕ್ಕ ನನಗೆ ಬೇಡ ಎಂದು ಎದ್ದುಹೋಗುತ್ತೇನೆ.