ಒಂದು ಹಿಡಿ ಲಾವಂಚ

ನಾಗವೇಣಿ, ಆ ಮಡಕೆಗಳಿಗೆ ತೊಟ್ಟಿಯ ನೀರು ತುಂಬಿದವಳು ನಾನು. ನೀನು ಮಡಕೆ ಸರಿಯಾಗಿ ತೊಳೆಯಲಿಲ್ಲ ಎಂದು ಇಡೀ ಶಾಲೆ ಹೇಳಿದಾಗ ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ. ಎಂಟು ವರ್ಷ ಈ ಎರಡು ವಾಕ್ಯಗಳನ್ನು ಎಲ್ಲೂ ಬರೆಯದೆ ಉಳಿದೆ.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿಸಿದರೆ ನನ್ನ ಕಡೆಗೆ ವಾಲುತ್ತೇನೆ — ಅದು ನನಗೆ ಗೊತ್ತು.

ಕಲ್ಯಾಣದುರ್ಗದ ಆ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ನೀನು ಒಂಬತ್ತನೇ ತರಗತಿ. ಶಾಲೆಯ ಮೇಲಿನ ತೊಟ್ಟಿಗೆ ಏರುತ್ತಿದ್ದ ನಮ್ಮ ಬೋರಿನ ನೀರು ಚವುಳು, ಫ್ಲೋರೈಡಿನದು. ಕೈಕಾಲು ತೊಳೆಯಲು ಮಾತ್ರ ಅದು. ಕುಡಿಯಲು ಮಕ್ಕಳು ಗೇಟಿನೆದುರಿನ ಅಂಗಡಿಯಿಂದ ಬಾಟಲಿ ತರುತ್ತಿದ್ದರು, ಖಾಲಿಯಾದದ್ದನ್ನು ಕಾಂಪೌಂಡಿನಾಚೆ ಎಸೆಯುತ್ತಿದ್ದರು. ಗಾಳಿ ಬೀಸಿದರೆ ಆಚೆಯ ಕಡಲೆಕಾಯಿ ಹೊಲದಲ್ಲಿ ಬಾಟಲಿಗಳು ಉರುಳುವ ಸದ್ದು ತರಗತಿಯೊಳಗೆ ಕೇಳಿಸುತ್ತಿತ್ತು. ಆ ಹೊಲ ನಿಮ್ಮದು.

"ನಮ್ಮಮ್ಮ ಕಳೆ ಕೀಳಾಕೆ ಹೋದ್ರೆ ಕಳೆಗಿಂತ ಬಾಟ್ಲಿನೇ ಜಾಸ್ತಿ ಆರಿಸ್ತಾಳೆ ಟೀಚರ್," ಎಂದಿದ್ದೆ ನೀನು.

ವರಾಂಡದಲ್ಲಿ ಐದು ಮಡಕೆ ಇಡೋಣ ಎಂದವಳೂ ನೀನೇ. ಊರಿನ ನೀರಿನ ಪ್ಲಾಂಟಿನಲ್ಲಿ ಶುದ್ಧ ಮಾಡಿದ ನೀರು, ಒಂದೊಂದು ಮಡಕೆಗೆ ಘಮಕ್ಕೆಂದು ಎರಡೆರಡು ಲಾವಂಚದ ಬೇರು, ಮನೆಯಿಂದ ತಂದ ಸ್ಟೀಲ್ ಲೋಟ. ನೀನು ತರಗತಿಯಿಂದ ತರಗತಿಗೆ ಹೋಗಿ ಹೇಳುತ್ತಿದ್ದೆ, ಬಾಟ್ಲಿ ತರಬ್ಯಾಡ್ರೋ ಎಂದು. ಮಡಕೆಗೆ ಅಲ್ಲಿನ ತೆಲುಗಿನಲ್ಲಿ ಕುಂಡ ಎನ್ನುತ್ತಾರಲ್ಲ, ಹುಡುಗರು ಅದನ್ನೇ ಹಿಡಿದುಕೊಂಡರು.

"ಕುಂಡ ಲೀಡರ್ ಬಂದ್ಲು ಕಣ್ರಲಾ."

"ಹೂಂ ಕಣ್ಲಾ, ಕುಂಡ ಲೀಡರೇ. ಎಲ್ಲಿ, ನಿನ್ ಲೋಟ ತೋರ್ಸು," ಎನ್ನುತ್ತಿದ್ದೆ ನೀನು.

ಒಂದೂವರೆ ತಿಂಗಳಲ್ಲಿ ಹೊಲದ ಕಡೆಯಿಂದ ಸದ್ದು ನಿಂತಿತು. ನಾನೇ ಒಂದು ದಿನ ಪಾಠ ನಿಲ್ಲಿಸಿ ಕಿವಿಗೊಟ್ಟಿದ್ದೆ.

ಮಡಕೆ ತೊಳೆಯುವುದು ಮಕ್ಕಳ ಸರದಿ. ಹಿಂದಿನ ಸಂಜೆ ಪ್ಲಾಂಟಿಗೆ ಫೋನ್ ಮಾಡಿ ಬೆಳಿಗ್ಗೆ ನೀರಿನ ಆಟೋ ಬರುವಂತೆ ಹೇಳುವುದು ನನ್ನ ಕೆಲಸ — ಅದೊಂದೇ ನನ್ನ ಕೆಲಸ. ನಿಮ್ಮ ಮಡಕೆಗಳನ್ನು ನೋಡಲು ಜಿಲ್ಲೆಯಿಂದ ಅಧಿಕಾರಿಗಳು ಬರುವ ಹಿಂದಿನ ದಿನ ನಾನು ಫೋನ್ ಮಾಡಲಿಲ್ಲ. ಕಾರಣ ಹುಡುಕಿದ್ದೇನೆ. ದೊಡ್ಡದೇನೂ ಸಿಗಲಿಲ್ಲ. ಮರೆತೆ.

ಬೆಳಿಗ್ಗೆ ಎಂಟಕ್ಕೆ ಕೇಳಿದರೆ ಆಟೋ ಹಳ್ಳಿಗಳ ಕಡೆ ಹೋಗಿತ್ತು, ಹನ್ನೊಂದರ ಮೇಲೆ ಬರುತ್ತದೆ ಎಂದರು. ಅಧಿಕಾರಿಗಳು ಬರುವುದು ಹತ್ತಕ್ಕೆ. ಇವತ್ತು ನೀರು ತಡ, ನಾನು ಮರೆತೆ ಎಂದು ಹೇಳಬಹುದಿತ್ತು. ಅಷ್ಟೇ ಇತ್ತು ಅದು. ನಾನು ಬಕೆಟ್ ತೆಗೆದುಕೊಂಡು ತೊಟ್ಟಿಯ ನಲ್ಲಿಗೆ ಹೋದೆ. ಐದೂ ಮಡಕೆ ತುಂಬಿ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಚವುಳು ತಿಳಿಯುತ್ತಿತ್ತು. ಹಾಗಾಗಿ — ಇಲ್ಲಿ ಕೈ ನಿಲ್ಲುತ್ತಿದೆ, ಆದರೂ ಬರೆಯುತ್ತೇನೆ — ಬೀರುವಿನಲ್ಲಿದ್ದ ಲಾವಂಚದ ಕಟ್ಟು ಬಿಚ್ಚಿ ಮಡಕೆಗೊಂದು ಹಿಡಿ ಹಾಕಿದೆ. ಮರೆತದ್ದು ತಪ್ಪು. ಇದು ತಪ್ಪಲ್ಲ, ಮೋಸ.

ಒಂಬತ್ತಕ್ಕೆ ನೀನು ಬಂದೆ. ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದೆ.

"ಇವತ್ತು ಘಮ ಜಾಸ್ತಿ ಐತಲ್ಲ ಟೀಚರ್. ಪ್ಲಾಂಟ್ ನೀರೇನಾ?"

"ಪ್ಲಾಂಟ್ ನೀರೇ ಕಣಮ್ಮ. ದೊಡ್ಡೋರು ಬತ್ತಾರಲ್ಲ, ಅದಕ್ಕೆ ಘಮ."

ನೀನು ನಕ್ಕೆ. ಅಧಿಕಾರಿಗಳ ಮುಂದೆ ಮೊದಲ ಲೋಟ ನೀನೇ ಕುಡಿದೆ. ಹನ್ನೊಂದಕ್ಕೆ ಆಟೋ ಬಂದಾಗ ಸಾಕು ಎಂದು ಹಿಂದೆ ಕಳಿಸಿದವಳು ನಾನು.

ಮರುದಿನ ಒಂಬತ್ತು ಮಕ್ಕಳಿಗೆ ವಾಂತಿ, ಬೇದಿ. ಅದರಲ್ಲಿ ನೀನೂ ಒಬ್ಬಳು. ಇಬ್ಬರಿಗೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದರು. ಎಲ್ಲರೂ ಗುಣವಾಗಿ ಬಂದರು — ಸಮಾಧಾನಕ್ಕೆ ಬರೆಯುತ್ತಿಲ್ಲ, ನಡೆದದ್ದು ಹಾಗೆ. ಆ ಸಂಜೆ ಯಾರೂ ಇಲ್ಲದಾಗ ಏಣಿ ಹತ್ತಿ ತೊಟ್ಟಿ ನೋಡಿದೆ. ಮುಚ್ಚಳ ಓರೆಯಾಗಿತ್ತು. ನೀರಿನ ಮೇಲೆ ಪಾರಿವಾಳದ ಗರಿಗಳು, ಕೆಳಗೆ ಸತ್ತ ಪಾರಿವಾಳ. ಇಳಿದು ಬಂದು, ತೊಟ್ಟಿ ತೊಳೆಸಬೇಕು ಎಂದಷ್ಟೇ ಅಟೆಂಡರಿಗೆ ಹೇಳಿದೆ.

ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಅಧಿಕಾರಿಗಳು ಬರುವ ಹಿಂದಿನ ದಿನ ಮಡಕೆ ತೊಳೆದವರು ಯಾರು? ಸರದಿ ನಿಮ್ಮ ತರಗತಿಯದು. ಲೀಡರ್ ನೀನೇ ಎಂದು ಪ್ರಾರ್ಥನೆಯ ಹೊತ್ತಿಗೆ ಧ್ವಜದ ಕಟ್ಟೆಯ ಮೇಲೆ ನಿನ್ನನ್ನು ನಿಲ್ಲಿಸಿದರು. ಕಣ್ಣು ಇನ್ನೂ ಗುಳಿಬಿದ್ದಿತ್ತು ನಿನಗೆ.

"ನಾನೇ ತೊಳೆದಿದ್ದು ಸಾರ್. ತಪ್ಪಾಯ್ತು."

ನಾನು ನಿನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ.

ಮಡಕೆಗಳನ್ನು ಶಾಲೆಯ ಹಿಂದೆ ಒಡೆದು ಹಾಕಿದರು. ಒಂದು ವಾರ ಕಳೆಯುವ ಮೊದಲೇ ಬಾಟಲಿಗಳ ಸದ್ದು ಮತ್ತೆ ಕೇಳತೊಡಗಿತು. ಹುಡುಗರು ನಿನ್ನನ್ನು ಬೇದಿ ಲೀಡರ್ ಎಂದರು. ಹತ್ತನೇ ತರಗತಿ ಪೂರಾ ನೀನು ಹಿಂದಿನ ಬೆಂಚಿನಲ್ಲಿ ಕಳೆದೆ. ನಾನು ಅರ್ಜಿ ಹಾಕಿ ಹಿಂದೂಪುರಕ್ಕೆ ವರ್ಗ ಮಾಡಿಸಿಕೊಂಡೆ.

ಮರೆತುಹೋಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಬಚ್ಚಿಡುವುದು ಅಭ್ಯಾಸವಾಗಿತ್ತು. ಹೋದ ತಿಂಗಳು ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತು ಹಿಡಿದವಳು ನೀನೇ. ಇಲ್ಲೇ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಎಂದೆ. ಚೀಲದಿಂದ ಸ್ಟೀಲ್ ಬಾಟಲಿ ತೆಗೆದು, ಬಿಸಿಲು ಜಾಸ್ತಿ, ಕುಡೀರಿ ಟೀಚರ್ ಎಂದೆ. ನಾನು ಕುಡಿದೆ. ಆಮೇಲೆ ನಾನು ಕೇಳದಿದ್ದರೂ ನೀನೇ ಹೇಳಿದೆ:

"ಮೂರು ಸಾರಿ ತೊಳ್ದಿದ್ದೆ ಟೀಚರ್. ತೆಂಗಿನ ನಾರಿನಾಗೆ ಚೆನ್ನಾಗಿ ಉಜ್ಜಿದ್ದೆ. ತಳದಾಗೆ ಎಲ್ಲೋ ಕೊಳೆ ಉಳ್ಕಂಡಿರಬೇಕು. ಅತ್ತೆ ಮನೇಲಿ ಮಡಕೆ ತೊಳೀ ಅಂದ್ರೆ ಈಗ್ಲೂ ನಾನು ಮುಟ್ಟಲ್ಲ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ."

ಉತ್ತರ ನನ್ನ ಬಾಯಲ್ಲಿತ್ತು. ನಾನು ಹೇಳಿದ್ದು — "ನಿನ್ನ ಬಸ್ ಬಂತು ನೋಡಮ್ಮ."

ಎರಡನೇ ಸಲ ನಾನು ನಿನ್ನನ್ನು ಆ ಕಟ್ಟೆಯ ಮೇಲೆ ಬಿಟ್ಟು ಬಂದದ್ದು ಅವತ್ತು.

ಈ ಕಾಗದವನ್ನು ಭಾನುವಾರ ನಿನ್ನ ಕೈಗೇ ಕೊಡುತ್ತೇನೆ. ಕ್ಷಮಿಸು ಎಂದು ಇದರಲ್ಲಿ ಬರೆದಿಲ್ಲ. ಕೇಳುವ ಹಕ್ಕು ನನಗಿಲ್ಲ. ಸೋಮವಾರ ಮೊದಲ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಹೋಗುತ್ತೇನೆ. ಈಗಿನ ಹೆಡ್‌ಮಾಸ್ಟರು ಪ್ರಾರ್ಥನೆಯ ನಂತರ ಐದು ನಿಮಿಷ ಕೊಟ್ಟಿದ್ದಾರೆ. ಯಾವ ವಿಷಯ ಮೇಡಂ ಎಂದು ಕೇಳಿದರು; ಕುಡಿಯುವ ನೀರು ಎಂದೆ. ಅಂದು ಆ ನೀರು ಕುಡಿದ ಮಕ್ಕಳು ಯಾರೂ ಈಗ ಅಲ್ಲಿಲ್ಲ. ಕಟ್ಟೆ ಮಾತ್ರ ಇದೆಯಂತೆ. ಅದರ ಮೇಲೆ ನಿಂತು ಮೊದಲು ನಿನ್ನ ಹೆಸರು ಹೇಳುತ್ತೇನೆ, ನೀನು ಮಡಕೆಗಳನ್ನು ಮೂರು ಸಾರಿ ತೊಳೆದಿದ್ದೆ ಎಂದು ಹೇಳುತ್ತೇನೆ. ಆಮೇಲೆ ನನ್ನ ಹೆಸರು.